ಗ್ಯಾರೇಜ್ ಅಂಚೆ: ಮಾಲಿಬುಗೆ ಎಸ್ಎಸ್ ವೇಷ

ಪ್ರಶ್ನೆ: ಸರ್, ನನಗೆ 24 ವರ್ಷ. ಹಾಸನದ ಕಡೆಯವನು. ಓದು ಮುಗಿಸಿ ಅಮೆರಿಕದ ಮಿಷಿಗನ್‌ನಲ್ಲಿ, ಟ್ರಾಯ್‌ನಲ್ಲಿ ಕೆಲಸಕ್ಕಿದ್ದೇನೆ. ಆಗಸ್ಟ್‌ನಲ್ಲಿ ವುಡ್‌ವರ್ಡ್ ರಸ್ತೆಯ ಹಳೇ ಕಾರುಗಳ ಜಾತ್ರೆ ನೋಡಿ ತಲೆ ಕೆಟ್ಟಿತು. 1970ರ ಷೆವ್ರೊಲೆ ಷೆವೆಲ್ ಮಾಲಿಬು ಕೊಂಡಿದ್ದೇನೆ. ಎರಡು ಬಾಗಿಲು, 307 ಘನ ಇಂಚಿನ ವಿ8 (ಎಂಟು ಸಿಲಿಂಡರ್) ಇಂಜಿನ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಓಡುತ್ತದೆ. ಇದನ್ನು ಷೆವೆಲ್ ಕಾರಿನದೇ ಜೋರಿನ ಮಾದರಿಯಾದ ಎಸ್ಎಸ್ (ಸೂಪರ್ ಸ್ಪೋರ್ಟ್) 454 ತರಹ ಮಾಡುವ ಆಸೆ. ಹಳೇ 454 ಇಂಜಿನ್ ಒಂದು ಸಿಕ್ಕಿದೆ. ಅದನ್ನೇ ಮೊದಲು ಕೂರಿಸಲೇ? ಪೂರ್ತಿ ಬಿಚ್ಚಿ ಶುರು ಮಾಡು ಎನ್ನುತ್ತಾರೆ ಗೆಳೆಯರು. ನಕಲು ಮಾಡುವುದು ಮೋಸ ಎನ್ನುತ್ತಾರೆ ಕೆಲವರು. ಅಪ್ಪ ಅಂತೂ ‘ಗುಜರಿಗೆ ಯಾಕೋ ದುಡ್ಡು’ ಎನ್ನುತ್ತಾರೆ.

ಉತ್ತರ: ತಮ್ಮಾ, ನನ್ನ ಮೊಮ್ಮಗನ ವಯಸ್ಸಿನವನು ನೀನು. ಏಕವಚನದಲ್ಲಿ ಬರೆದರೆ ಬೇಜಾರಿಲ್ಲ ತಾನೇ?

ಪೂರ್ತಿ ಬಿಚ್ಚಬೇಡ. ಇದನ್ನು ಯಾವ ಪುಸ್ತಕ ನೋಡಿಯೂ ಹೇಳುತ್ತಿಲ್ಲ. 1984ರಲ್ಲಿ ನಾನೂ ಅಲ್ಲೇ, ಡೆಟ್ರಾಯಿಟ್ ಪಕ್ಕದಲ್ಲಿದ್ದೆ. 1967ರ ಪಾಂಟಿಯಾಕ್ ಲೆಮಾನ್ಸ್ ತಂದು ಅದನ್ನು ಅದರದೇ ಜೋರಿನ ಮಾದರಿಯಾದ ಜಿಟಿಒ ಮಾಡುತ್ತೇನೆ ಅಂತ ಹೊರಟೆ. ಎರಡು ವಾರಾಂತ್ಯದಲ್ಲಿ ಬಿಚ್ಚಿ ಹಾಕಿದೆ. ಪಾನಾ ಹಿಡಿದವನಿಗೆ ಬಿಚ್ಚುವಾಗ ಸಿಗುವ ಖುಷಿ ಇದೆಯಲ್ಲ, ಅದೇ ಅಪಾಯ. ನಟ್ಟು, ಬೋಲ್ಟು ಎಲ್ಲ ಕಾಫಿ ಡಬ್ಬಿಗಳಿಗೆ ಸೇರಿದವು. ಯಾವ ಡಬ್ಬಿಯ ಮೇಲೂ ಹೆಸರಿಲ್ಲ. ಆಮೇಲೆ ಮಗಳು ಹುಟ್ಟಿದಳು, ಕೆಲಸ ಬದಲಾಯಿತು. ಬಾನೆಟ್ ಹಿತ್ತಲಲ್ಲಿ ಬಿದ್ದಿತ್ತು. ಜುಲೈ ಬಿಸಿಲಿಗೆ ನನ್ನಾಕೆ ಅದರ ಮೇಲೆ ಹಳೇ ಸೀರೆ ಹಾಸಿ ಹಪ್ಪಳ ಒಣಗಿಸುತ್ತಿದ್ದಳು. ಆ ಕಾರಿನಿಂದ ನಮಗಾದ ಉಪಯೋಗ ಅದೊಂದೇ. ಒಂಬತ್ತು ವರ್ಷ ಆದ ಮೇಲೆ ಡಬ್ಬಿಗಳ ಸಮೇತ ಮಾರಿದೆ. ಕೊಂಡವನು ಡಬ್ಬಿ ಅಲ್ಲಾಡಿಸಿ ನೋಡಿ ನಕ್ಕ.

ನಿನ್ನ ಕಾರು ಓಡುತ್ತಿದೆ. ಓಡುತ್ತಲೇ ಇರಲಿ. ಒಂದು ಸಲಕ್ಕೆ ಒಂದೇ ಕಡೆ ಕೈ ಹಾಕು, ಅದನ್ನು ಮುಗಿಸಿಯೇ ಮುಂದಿನದು.

454 ಸದ್ಯಕ್ಕೆ ಮೂಲೆಯಲ್ಲಿರಲಿ. ಲೆಕ್ಕ ನೋಡು. ನಿನ್ನ 307 ಅಂದರೆ 5 ಲೀಟರ್ ಇಂಜಿನ್, ಆ ಕಾಲದ ಅಳತೆಯಲ್ಲಿ 200 ಕುದುರೆ ಶಕ್ತಿ. 454 ಅಂದರೆ 7.4 ಲೀಟರ್. ನಮ್ಮ ಮಾರುತಿ 800ರ ಇಂಜಿನ್ ಒಂಬತ್ತು ಸೇರಿಸಿದ ಹಾಗೆ! 1970ರಲ್ಲಿ ಅದು ಎರಡು ತರಹ ಬರುತ್ತಿತ್ತು: ಎಲ್‌ಎಸ್5ಕ್ಕೆ 360, ಎಲ್‌ಎಸ್6ಕ್ಕೆ 450 ಕುದುರೆ ಶಕ್ತಿ. ಅಷ್ಟು ಶಕ್ತಿಯನ್ನು ನಾಲ್ಕು ಡ್ರಮ್ ಬ್ರೇಕ್‌ಗಳ ಕಾರಿಗೆ ಕೂರಿಸಿದರೆ ಹೊರಡುವುದೇನೋ ಹೊರಡುತ್ತದೆ, ನಿಲ್ಲಬೇಕಲ್ಲ? ಕಂಪನಿಯೇ ಎಸ್ಎಸ್ ಕಾರಿಗೆ ಮುಂದೆ ಪವರ್ ಡಿಸ್ಕ್ ಬ್ರೇಕ್ ಕೊಡುತ್ತಿತ್ತು. ಸಾಲದ್ದಕ್ಕೆ ಈ ಇಂಜಿನ್ ನಿನ್ನದಕ್ಕಿಂತ ಸುಮಾರು 50 ಕೆಜಿ ಜಾಸ್ತಿ ತೂಗುತ್ತದೆ. ಮುಂದಿನ ಸ್ಪ್ರಿಂಗ್, ರೇಡಿಯೇಟರ್, ಇಂಜಿನ್ ಮೌಂಟ್ ಎಲ್ಲ ಬೇರೆ ಬೇಕು. ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಕೂಡ ಅದನ್ನು ತಡೆಯುವಂಥವು ಇರಬೇಕು.

ಹಾಗಾಗಿ ಬ್ರೇಕ್ ಮೊದಲು. ಹಳೇ ಬ್ರೇಕ್ ಲೈನಿಂಗ್‌ನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಡ್ರಮ್ ಒಳಗಿನ ಧೂಳನ್ನು ಗಾಳಿ ಹಾಕಿ ಊದಬೇಡ, ಒದ್ದೆ ಮಾಡಿ ಒರೆಸು. ಮುಂದಿನ ಸ್ಪ್ರಿಂಗ್ ಬದಲಿಸುವ ದಿನ ಮಾತ್ರ ಒಬ್ಬನೇ ಇರಬೇಡ, ಅನುಭವ ಇದ್ದವರನ್ನು ಕರೆ. ಅದುಮಿ ಹಿಡಿದ ಸ್ಪ್ರಿಂಗ್ ಕೈ ಜಾರಿದರೆ ಹಲ್ಲು ಮುರಿಯುವುದಷ್ಟೇ ಅಲ್ಲ, ಜೀವಕ್ಕೇ ಸಂಚಕಾರ.

ಬ್ರೇಕ್ ಆದ ಮೇಲೆ ತುಕ್ಕು. ಮಿಷಿಗನ್‌ನಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ, ನೋಡಿರುತ್ತೀಯ. ಷೆವೆಲ್‌ನಲ್ಲಿ ಹಿಂದಿನ ಗಾಜಿನ ಕೆಳಗೆ ನೀರು ನಿಂತು ಒಳಗೊಳಗೇ ತಿನ್ನುತ್ತದೆ, ಅಲ್ಲಿಂದ ಡಿಕ್ಕಿಯ ತಳಕ್ಕೆ ಇಳಿಯುತ್ತದೆ. ರೂಫಿಗೆ ವಿನೈಲ್ ಹೊದಿಕೆ ಇದ್ದರೆ ಅದರ ಅಡಿಯಲ್ಲೂ ಅನುಮಾನ ಪಡು. ಒಂದು ಆಯಸ್ಕಾಂತ ತಗೊಂಡು ಮೈಯೆಲ್ಲ ತಾಗಿಸುತ್ತಾ ಹೋಗು. ಎಲ್ಲಿ ಅಂಟುವುದಿಲ್ಲವೋ ಅಲ್ಲಿ ದಪ್ಪಗೆ ಪುಟ್ಟಿ ಮೆತ್ತಿದ್ದಾರೆ, ಅಡಿಯಲ್ಲಿ ತಗಡು ಇಲ್ಲದೆಯೂ ಇರಬಹುದು. ಹೆದರಬೇಡ, ಈ ಕಾರಿಗೆ ಹೊಸ ತಗಡಿನ ಭಾಗಗಳು ಇವತ್ತಿಗೂ ತಯಾರಾಗುತ್ತವೆ. ಖರ್ಚು ಮಾತ್ರ ಇಂಜಿನ್‌ಗಿಂತ ಟಿಂಕರಿಂಗ್, ಪೇಂಟಿಂಗ್‌ಗೇ ಜಾಸ್ತಿ ಬರಬಹುದು. ಅಪ್ಪನಿಗೆ ಈ ವಿಷಯ ಮೊದಲೇ ಹೇಳಿಬಿಡು.

ಇನ್ನು ಮೋಸದ ಮಾತು. ಇದಕ್ಕೊಂದು ಸ್ವಾರಸ್ಯದ ಕಾರಣ ಇದೆ. 1966ರಿಂದ 68ರವರೆಗೆ ಎಸ್ಎಸ್ ಷೆವೆಲ್‌ಗಳ ವಿನ್ ನಂಬರ್, ಅಂದರೆ ಕಾರಿನ ಗುರುತಿನ ಸಂಖ್ಯೆ, 138 ಅಂತ ಶುರುವಾಗುತ್ತಿತ್ತು. ನಂಬರ್ ನೋಡಿದರೆ ಸಾಕು, ಅಸಲಿಯೋ ನಕಲಿಯೋ ಗೊತ್ತಾಗುತ್ತಿತ್ತು. 1969ರಿಂದ ಎಸ್ಎಸ್ ಬೇರೆ ಮಾಡೆಲ್ ಆಗಿ ಉಳಿಯಲಿಲ್ಲ, ಬಯಸಿದವರು ಹಣ ಕೊಟ್ಟು ಸೇರಿಸಿಕೊಳ್ಳುವ ಪ್ಯಾಕೇಜ್ ಆಯಿತು. ಆದ್ದರಿಂದ 1970ರ ಅಸಲಿ ಎಸ್ಎಸ್ ಕೂಪೆಯ (ಎರಡು ಬಾಗಿಲಿನ ಕಾರು) ನಂಬರೂ 13637 ಅಂತ ಶುರು, ನಿನ್ನ ಮಾಲಿಬು ಕೂಪೆಯದೂ 13637 ಅಂತಲೇ ಶುರು. ನಾಲ್ಕು ಬ್ಯಾಡ್ಜ್ ಅಂಟಿಸಿ, ಬಾನೆಟ್ ಮೇಲೆ ಪಟ್ಟೆ ಹೊಡೆದು ‘ಅಸಲಿ’ ಅಂತ ಮಾರುವವರಿಗೆ ಇದೇ ಅನುಕೂಲ. ಅಂದ ಹಾಗೆ ಕಂಪನಿಯೂ ಕಮ್ಮಿ ಏನಲ್ಲ. ಅದೇ ವರ್ಷ ಎಸ್ಎಸ್ 396 ಅಂತ ಬ್ಯಾಡ್ಜ್ ಹಾಕಿದ ಕಾರಿನೊಳಗೆ ಇದ್ದದ್ದು 402ರ ಇಂಜಿನ್!

ನಕಲು ಮಾಡುವುದು ತಪ್ಪಲ್ಲ. ಅಲ್ಲಿನವರು ಅದಕ್ಕೆ ಕ್ಲೋನ್, ಟ್ರಿಬ್ಯೂಟ್ ಅಂತ ಹೆಸರಿಟ್ಟು ರಾಜಾರೋಷವಾಗಿ ಓಡಿಸುತ್ತಾರೆ. ನಕಲನ್ನು ಅಸಲಿ ಎನ್ನುವುದು ತಪ್ಪು. ಗಾಜಿನ ಹಿಂದೆ, ಡ್ಯಾಶ್ ಮೇಲೆ ರಿವೆಟ್ ಹೊಡೆದ ವಿನ್ ಪಟ್ಟಿ ಇದೆಯಲ್ಲ, ಅದನ್ನು ಮುಟ್ಟಲೇಬೇಡ. ಗುಜರಿ ಎಸ್ಎಸ್‌ನ ಪಟ್ಟಿ ತಂದು ನಿನ್ನ ಕಾರಿಗೆ ಹಾಕಿದರೆ ಅಲ್ಲಿ ಅದು ಫೆಡರಲ್ ಅಪರಾಧ, ಜೈಲೇ ಗತಿ. ಮಾಡಿದ ಪ್ರತಿ ಕೆಲಸದ ರಸೀದಿ, ಫೋಟೊ ಒಂದು ಫೈಲಿನಲ್ಲಿಡು. ಮೊದಲ ಹಾಳೆಯಲ್ಲೇ ‘ಇದು ಹುಟ್ಟಾ ಮಾಲಿಬು’ ಅಂತ ಬರೆದಿಡು. ನಾಳೆ ಮಾರುವಾಗ ಅದೇ ಫೈಲು ನಿನ್ನ ಮರ್ಯಾದೆ ಕಾಯುತ್ತದೆ.

ಒಂದು ವಿಷಯ ಬಿಟ್ಟಿದ್ದೆ. ಪೆಟ್ರೋಲ್ ಟ್ಯಾಂಕ್ ಇಳಿಸಿದ ದಿನ ಅದರ ನೆತ್ತಿ ಮೇಲೆ ಹುಷಾರಾಗಿ ನೋಡು. ಕಾರು ಜೋಡಿಸುವಾಗ ಯಾವ ಭಾಗ ಹಾಕಬೇಕು ಅಂತ ಸೂಚಿಸುವ ಬಿಲ್ಡ್ ಶೀಟ್ ಎಂಬ ಕಾಗದವನ್ನು ಫ್ಯಾಕ್ಟರಿಯವರು ಎಷ್ಟೋ ಸಲ ಅಲ್ಲೇ ಸಿಕ್ಕಿಸಿ ಬಿಡುತ್ತಿದ್ದರು. ಸೀಟಿನ ಸ್ಪ್ರಿಂಗ್ ಸಂದಿಯಲ್ಲೂ ಸಿಗುವುದುಂಟು. ಇಲಿ ತಿನ್ನದೆ ಉಳಿದಿದ್ದರೆ ನಿನ್ನ ಕಾರಿನ ಜಾತಕವೇ ಸಿಕ್ಕಿದಂತೆ. ಟ್ಯಾಂಕ್ ಮುಟ್ಟುವ ಮುಂಚೆ ಪೆಟ್ರೋಲ್ ಖಾಲಿ ಮಾಡು. ಗ್ಯಾರೇಜ್‌ನಲ್ಲಿ ಗ್ಯಾಸ್ ಗೀಸರ್ ಇದ್ದರೆ ಈ ಕೆಲಸ ಅಲ್ಲಿ ಬೇಡವೇ ಬೇಡ. ಪೆಟ್ರೋಲ್ ಆವಿ ನೆಲ ಹಿಡಿದು ಹರಿಯುತ್ತದೆ, ಹೊತ್ತಿಕೊಳ್ಳಲು ಗೀಸರಿನ ಸಣ್ಣ ಉರಿ ಸಾಕು.

ಕಾಗದ ಸಿಕ್ಕರೆ ನನಗೊಂದು ಫೋಟೊ ಕಳಿಸು. ಡಬ್ಬಿಗಳ ಮೇಲೆ ಇವತ್ತೇ ಹೆಸರು ಬರೆ. ಕನ್ನಡದಲ್ಲಿ ಬರೆದರೆ ಇನ್ನೂ ಒಳ್ಳೆಯದು, ಗೆಳೆಯರು ಕೈ ಹಾಕುವ ಮುಂಚೆ ನಿನ್ನನ್ನು ಕೇಳುತ್ತಾರೆ.