ಹಲಸಿನ ಬಾಗಿಲಿಗೆ ಬಣ್ಣ ಬೇಡ, ಗೋಡೆಗೆ ಕೆಂಪು ಇರಲಿ

ಪ್ರಶ್ನೆ: ನನಗೆ 43 ವರ್ಷ. ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಶಿವಮೊಗ್ಗದ ಹೊರವಲಯದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಸಾಲದ ಕಂತಿನ ಅರ್ಧ ನನ್ನ ಸಂಬಳದಿಂದಲೇ ಹೋಗುತ್ತದೆ. ಹೊರಗೋಡೆಗೆ ಕೆಂಪು ಬಣ್ಣ ಹಾಕಿಸಬೇಕೆಂಬುದು ನನ್ನ ಬಹಳ ದಿನದ ಆಸೆ. ಯಜಮಾನರು ‘ಮನೆ ಕಟ್ಟಿಸುತ್ತಿದ್ದೇವೋ, ಅಂಚೆ ಕಚೇರಿಯನ್ನೋ’ ಎನ್ನುತ್ತಾರೆ. ಅವರಿಗೆ ಬೂದು ಬಣ್ಣವೇ ಆಗಬೇಕು. ಅತ್ತೆಯವರು ‘ಕೆಂಪು ಗೋಡೆ ಉಗ್ರ, ಮನೆಯಲ್ಲಿ ಜಗಳ ತಪ್ಪುವುದಿಲ್ಲ’ ಎಂದು ಕಣ್ಣೀರು ಹಾಕುತ್ತಾರೆ. ಕೊನೆಗೆ ಮೈದುನ, ‘ಗೋಡೆ ಬೂದು ಇರಲಿ, ಅತ್ತಿಗೆಯ ಆಸೆಗೆ ಮುಂಬಾಗಿಲಿಗೆ ಕೆಂಪು ಹೊಡೆಸೋಣ’ ಎಂದ. ಎಲ್ಲರೂ ಒಪ್ಪಿಕೊಂಡರು. ಆದರೆ ಆ ಬಾಗಿಲು ನನ್ನ ತವರಿನ ಹಿತ್ತಲಿನ ಹಲಸಿನ ಮರದ್ದು. ಎರಡು ವರ್ಷದ ಹಿಂದೆ ತೀರಿಕೊಂಡ ಅಪ್ಪ, ಹಲಗೆ ಕೊಯ್ಯಿಸಿ ಒಣಗಿಸಿ ನನಗೆಂದೇ ಇಟ್ಟಿದ್ದರು. ಹದಿನೆಂಟು ವರ್ಷದ ಸಂಸಾರದಲ್ಲಿ ಕಿಟಕಿಯ ಪರದೆಯ ಬಣ್ಣವನ್ನೂ ನಾನು ಆರಿಸಿದವಳಲ್ಲ. ಮುಂದಿನ ವಾರ ಯಜಮಾನರು ತರಬೇತಿಗೆಂದು ಹುಬ್ಬಳ್ಳಿಗೆ ಹೋಗುತ್ತಾರೆ. ಅಷ್ಟರಲ್ಲಿ ಪೇಂಟರ್‌ಗೆ ಹೇಳಿ ಗೋಡೆಗೆ ಕೆಂಪು ಹೊಡೆಸಿಬಿಡಲೇ? ಹೊರಗಿನ ಪ್ಲಾಸ್ಟರಿಂಗ್ ಮುಗಿದು ಹದಿನೈದು ದಿನವಾಗಿದೆ. ಮುಂದಿನ ತಿಂಗಳು ಗೃಹಪ್ರವೇಶ. ಮನೆ ಪೂರ್ವಾಭಿಮುಖ, ಎದುರಿಗೆ ಅಡಿಕೆ ತೋಟ. ನಾನು ಆರಿಸಿದ ಬಣ್ಣದ ಚೀಟಿಯನ್ನು ಪತ್ರಕ್ಕೆ ಅಂಟಿಸಿದ್ದೇನೆ.
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಉಳಿದದ್ದೆಲ್ಲ ಆಮೇಲೆ. ಮೊದಲು, ಆ ಬಾಗಿಲಿಗೆ ಬಣ್ಣ ಬಳಿಯಲು ಒಪ್ಪಬೇಡಿ. ಮೈದುನ ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೂ ಅದು ರಾಜಿಯಲ್ಲ. ನೀವು ಕೇಳಿದ್ದನ್ನು ಕೊಡದೆ, ನಿಮ್ಮ ಬಳಿ ಇದ್ದದ್ದನ್ನೂ ಮುಚ್ಚಿಹಾಕುವ ಏರ್ಪಾಡು. ಎಲ್ಲರೂ ಒಪ್ಪಿದರು ಎಂದು ಬರೆದಿದ್ದೀರಿ. ಆ ಎಲ್ಲರಲ್ಲಿ ನೀವು ಇದ್ದಿರಾ?

ಹಲಸಿನ ಮರದ ಗುಣ ನಿಮ್ಮ ತಂದೆಯವರಿಗೆ ಗೊತ್ತಿತ್ತು. ಕೊಯ್ದ ಹೊಸತರಲ್ಲಿ ಅದು ಹೊಂಬಣ್ಣ. ಗಾಳಿ ಬೆಳಕಿಗೆ ಮೈಯೊಡ್ಡಿದ ಹಾಗೆಲ್ಲ ಕಂದಾಗುತ್ತ, ವರ್ಷಗಳು ಕಳೆದಂತೆ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ಮಲೆನಾಡಿನ ಹಳೆಯ ಮನೆಗಳ ಮುಂಬಾಗಿಲುಗಳನ್ನು ನೀವು ನೋಡಿಯೇ ಇರುತ್ತೀರಿ. ಯಾರೂ ಬಳಿಯದ ಆ ಕೆಂಪನ್ನು ನಿಮ್ಮ ಬಾಗಿಲೂ ತಾನಾಗಿ ಪಡೆಯಲಿದೆ. ಅದಕ್ಕೆ ಅವಕಾಶ ಕೊಡಿ. ನಯವಾಗಿ ಉಜ್ಜಿಸಿ, ಮರದ ಎಳೆಗಳು ಕಾಣುವಂಥ ಪಾಲಿಶ್ ಹಾಕಿಸಿದರೆ ಸಾಕು. ಪೂರ್ವದ ಬಿಸಿಲು ಬೀಳುವ ಬಾಗಿಲಾದ್ದರಿಂದ ಹೊರಮೈಗೆ ಬಿಸಿಲು ಮಳೆ ತಡೆಯುವ ಪಾಲಿಶನ್ನೇ ಆರಿಸಿ, ಮಂಕಾದಾಗ ಮತ್ತೆ ಹಾಕಿಸುತ್ತಿರಿ.

ಒಮ್ಮೆ ಎನಾಮಲ್ ಹೊಡೆದ ಮರವನ್ನು ಹಿಂದಿನ ಸ್ಥಿತಿಗೆ ತರುವುದು ಬಹಳ ಕಷ್ಟ. ಬಣ್ಣ ಮರದ ಸೂಕ್ಷ್ಮ ರಂಧ್ರಗಳಿಗೂ ಕೆತ್ತನೆಯ ಸಂದುಗಳಿಗೂ ಇಳಿದುಬಿಡುತ್ತದೆ. ಸುಟ್ಟು ಕೆರೆದರೂ, ರಾಸಾಯನಿಕ ಹಚ್ಚಿ ಕೆರೆದರೂ ಪೂರ್ತಿ ಹೋಗುವುದಿಲ್ಲ. ಗೋಡೆಯ ಬಣ್ಣ ಹಾಗಲ್ಲ, ಬೇಡವಾದರೆ ನಾಲ್ಕೈದು ವರ್ಷಕ್ಕೆ ಅದರ ಮೇಲೆ ಇನ್ನೊಂದು ಬರುತ್ತದೆ. ಬದಲಿಸಲಾಗದ ಜಾಗದಲ್ಲಿ ಪ್ರಯೋಗ ಮಾಡಿ, ಬದಲಿಸಬಹುದಾದ ಜಾಗದಲ್ಲಿ ಹೆದರುವುದು ನನಗೆ ತಲೆಕೆಳಗಾದ ಲೆಕ್ಕವಾಗಿ ಕಾಣುತ್ತದೆ.

(ಬಾಗಿಲಿಗೆ ಕೆಂಪು ಬಳಿಯಲು ಹೊರಟಿರುವ ಇತರ ಓದುಗರಿಗೆ ಒಂದು ಮಾತು. ಪ್ಲೈವುಡ್ ಬಾಗಿಲಾದರೆ ಧಾರಾಳವಾಗಿ ಬಳಿಯಿರಿ, ಚೆನ್ನಾಗಿರುತ್ತದೆ. ಅಚ್ಚ ಕೆಂಪು ಬಣ್ಣಕ್ಕೆ ಕೆಳಗಿನದನ್ನು ಮರೆಮಾಡುವ ಶಕ್ತಿ ಕಡಿಮೆ. ಬಿಳಿ ಪ್ರೈಮರ್ ಮೇಲೆ ನೇರವಾಗಿ ಹೊಡೆದರೆ ಎಷ್ಟು ಕೋಟ್ ಕೊಟ್ಟರೂ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಪ್ರೈಮರ್‌ಗೆ ಬೂದು ಬೆರೆಸಿಕೊಂಡು, ಅದರ ಮೇಲೆ ಮೂರು ತೆಳು ಕೋಟ್ ಕೊಡಿಸಿ. ತೀರಾ ಹೊಳೆಯುವ ಎನಾಮಲ್‌ನಲ್ಲಿ ಬಡಗಿಯ ಕೆಲಸದ ಪ್ರತಿಯೊಂದು ಉಬ್ಬುತಗ್ಗೂ ಎದ್ದು ಕಾಣುವುದರಿಂದ ಮಂದ ಹೊಳಪಿನ ಸ್ಯಾಟಿನ್ ಒಳ್ಳೆಯದು.)

ಇನ್ನು ಹುಬ್ಬಳ್ಳಿಯ ತರಬೇತಿಯ ವಿಚಾರ. ಯಜಮಾನರು ಊರಲ್ಲಿಲ್ಲದಾಗ ಪೇಂಟರ್‌ನನ್ನು ಕರೆಸಬೇಡಿ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಹದಿನೆಂಟು ವರ್ಷ ಬಾಯಿಬಿಡದವರಿಗೆ ಒಮ್ಮೆಗೇ ಮಾಡಿ ತೋರಿಸಿಬಿಡುವ ಆವೇಶ ಬರುವುದು ಸಹಜ. ಆದರೆ ಹಾಗೆ ಹೊಡೆಸಿದ ಗೋಡೆಯನ್ನು ನೋಡಿದಾಗಲೆಲ್ಲ ಮನೆಯವರಿಗೆ ನೆನಪಾಗುವುದು ಬಣ್ಣವಲ್ಲ, ಬೆನ್ನ ಹಿಂದೆ ನಡೆದ ಕೆಲಸ. ನಿಮ್ಮ ನ್ಯಾಯವಾದ ಹಕ್ಕು ಕದ್ದ ವಸ್ತುವಿನ ಹಾಗೆ ಕಾಣಿಸಬಾರದು. ಅರ್ಧ ಕಂತು ಕಟ್ಟುವವರು ಹಗಲಲ್ಲೇ, ಎಲ್ಲರ ಎದುರಿಗೇ ಬಣ್ಣ ಆರಿಸಬೇಕು.

ಅಲ್ಲದೆ ಆ ಗೋಡೆ ಈಗ ಬಣ್ಣಕ್ಕೆ ಸಿದ್ಧವೂ ಇಲ್ಲ. ಹೊಸ ಸಿಮೆಂಟ್ ಪ್ಲಾಸ್ಟರ್ ಕಡಿಮೆಯೆಂದರೂ 28 ದಿನ ಪಕ್ವವಾಗಬೇಕು, ಆಮೇಲೆ ಚೆನ್ನಾಗಿ ಒಣಗಬೇಕು. ಅದರಲ್ಲಿರುವ ಕ್ಷಾರ ಹಸಿಯಾಗಿರುವಾಗಲೇ ಬಣ್ಣ ಬಿದ್ದರೆ ವರ್ಣದ್ರವ್ಯ ಕೆಡುತ್ತದೆ, ಒಳಗಿನ ನೀರಿನ ಜೊತೆ ಉಪ್ಪು ಮೇಲೆ ಬಂದು ಬಿಳಿ ಮಚ್ಚೆ ಕಟ್ಟುತ್ತದೆ. ತಿಳಿ ಬಣ್ಣದಲ್ಲಿ ಅದು ಕಣ್ಣಿಗೆ ಬೀಳದೆ ಹೋಗಬಹುದು. ಕೆಂಪಿನ ಮೇಲೆ ಬೀದಿಯ ಆ ತುದಿಯಿಂದಲೂ ಕಾಣುತ್ತದೆ.

ಯಜಮಾನರ ಜೊತೆ ಏನು ಮಾತಾಡಬೇಕು? ಪತ್ರದಲ್ಲಿ ನನಗೆ ಬರೆದ ಒಂದು ವಾಕ್ಯವನ್ನು ಅವರಿಗೆ ಹೇಳಿದ್ದೀರಾ? ಪರದೆಯ ಬಣ್ಣವನ್ನೂ ನಾನು ಆರಿಸಿದವಳಲ್ಲ ಎಂಬ ವಾಕ್ಯವನ್ನು? ಹೇಳಿರಲಾರಿರಿ ಎಂದು ನನ್ನ ಊಹೆ. ಅವರ ಪಾಲಿಗೆ ಇದು ಇನ್ನೂ ಕೆಂಪು ಬೂದುಗಳ ಜಗಳ, ಹಾಗಾಗಿಯೇ ಅಂಚೆ ಕಚೇರಿಯ ಮಾತು ಬಂದಿದೆ. ಊಟವಾದ ಮೇಲೆ, ಅತ್ತೆಯವರು ಮೈದುನ ಯಾರೂ ಇಲ್ಲದಾಗ ಕೂರಿಸಿಕೊಂಡು ನೇರವಾಗಿ ಹೇಳಿ: ‘ಈ ಮನೆಯಲ್ಲಿ ಒಂದು ಸಂಗತಿಯನ್ನಾದರೂ ನಾನು ನಿರ್ಧರಿಸಬೇಕು. ಬಾಗಿಲು ಅಪ್ಪ ಕೊಟ್ಟದ್ದು, ಅದಕ್ಕೆ ಬಣ್ಣ ಹಾಕಿಸುವುದಿಲ್ಲ. ಗೋಡೆಯ ಬಣ್ಣ ನಾನು ಆರಿಸುತ್ತೇನೆ, ಯಾವ ಕೆಂಪು ಎಂಬುದನ್ನು ಇಬ್ಬರೂ ಕೂಡಿ ನೋಡೋಣ.’ ಕೊನೆಯ ಮಾತನ್ನು ಬಿಡಬೇಡಿ. ಯಾಕೆಂದರೆ ನೀವು ಅಂಟಿಸಿ ಕಳಿಸಿದ ಚೀಟಿಯ ಬಗ್ಗೆ ನನ್ನ ಮತ ನಿಮ್ಮ ಯಜಮಾನರ ಕಡೆಗಿದೆ.

ಅದು ಕುಂಕುಮದಂಥ ಕಡುಗೆಂಪು. ಎರಡು ಬೆರಳಗಲದ ಕಾಗದದಲ್ಲಿ ಸೊಗಸಾಗಿದೆ, ಇಪ್ಪತ್ತು ಅಡಿ ಎತ್ತರದ ಗೋಡೆಯ ಮೇಲೆ ಅದೇ ಬಣ್ಣ ಅರಚುತ್ತದೆ. ಯಾವ ಬಣ್ಣವೇ ಆಗಲಿ, ಹರವು ದೊಡ್ಡದಾದಷ್ಟೂ ಗಾಢವಾಗಿ ಕಾಣುತ್ತದೆ. ಜೊತೆಗೆ ನಿಮ್ಮ ಮನೆಯ ಎದುರಿಗೆ ಅಡಿಕೆ ತೋಟವಿದೆ. ಹಸಿರಿನ ಪಕ್ಕದಲ್ಲಿ ಕೆಂಪು ಇನ್ನಷ್ಟು ಕೆರಳುತ್ತದೆ. ಇನ್ನೊಂದು ಸಂಗತಿ ವಿಜ್ಞಾನ ಕಲಿಸುವ ನಿಮಗೆ ಇಷ್ಟವಾಗಬಹುದು. ಮುಸ್ಸಂಜೆಯ ಮಬ್ಬಿನಲ್ಲಿ ನಮ್ಮ ಕಣ್ಣು ಕೆಂಪನ್ನು ಬೇಗ ಕಳೆದುಕೊಳ್ಳುತ್ತದೆ, ಹಸಿರು ನೀಲಿಗಳನ್ನು ಇನ್ನೂ ಹಿಡಿದಿರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ಗುರುತಿಸಿದ ಚೆಕ್ ವಿಜ್ಞಾನಿ ಪುರ್ಕಿನ್ಯೆಯ ಹೆಸರಿನಲ್ಲೇ ಈ ಪರಿಣಾಮವನ್ನು ಕರೆಯುತ್ತಾರೆ. ನೀವು ಶಾಲೆಯಿಂದ ಬಂದು ಗೇಟು ತೆಗೆಯುವ ಆ ಹೊತ್ತಿಗೆ ತೋಟ ಇನ್ನೂ ಹಸಿರಾಗಿರುತ್ತದೆ, ಕಡುಗೆಂಪು ಗೋಡೆ ಕಪ್ಪಾಗಿರುತ್ತದೆ.

ಬಾಳಿಕೆಯ ಪ್ರಶ್ನೆಯೂ ಇದೆ. ಇಂಥ ಥಳಥಳಿಸುವ ಕೆಂಪುಗಳಲ್ಲಿ ಹೆಚ್ಚಿನವು ಸಾವಯವ, ಅಂದರೆ ಇಂಗಾಲದ ಸಂಯುಕ್ತಗಳ ವರ್ಣದ್ರವ್ಯದಿಂದ ಬರುತ್ತವೆ. ಬಿಸಿಲಿನ ನೇರಳಾತೀತ ಕಿರಣ ಅವುಗಳಲ್ಲಿ ಅನೇಕವನ್ನು ಒಡೆಯುತ್ತದೆ, ಗೋಡೆ ಗುಲಾಬಿಯಾಗಿ ಮಾಸುತ್ತದೆ. ಕಬ್ಬಿಣದ ಆಕ್ಸೈಡಿನ ಕೆಂಪು ಹಾಗೆ ಮಾಸುವುದಿಲ್ಲ. ಆಗಲೇ ತುಕ್ಕಾಗಿರುವ ಕಬ್ಬಿಣಕ್ಕೆ ಬಿಸಿಲು ಇನ್ನೇನು ಮಾಡೀತು? ನಮ್ಮ ಕೆಮ್ಮಣ್ಣಿನ ಕೆಂಪು ಅದೇ, ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲದ ಕೆಂಪೂ ಅದೇ. ಸ್ವೀಡನ್ನಿನ ಹಳ್ಳಿಗಳಲ್ಲಿ ಮರದ ಮನೆಗಳಿಗೆಲ್ಲ ಬಳಿಯುವ ಫಾಲುನ್ ಕೆಂಪು ಕೂಡ ತಾಮ್ರದ ಗಣಿಯಿಂದ ಬಂದ ಕಬ್ಬಿಣದ ಆಕ್ಸೈಡೇ. ಆ ಗಣಿ 1992ರಲ್ಲಿ ಮುಚ್ಚಿದರೂ ಬಣ್ಣದ ತಯಾರಿಕೆ ನಿಂತಿಲ್ಲ.

ಅಷ್ಟು ದೂರ ಹೋಗುವುದೇಕೆ? ನಿಮ್ಮ ಜಿಲ್ಲೆಯ ಸಾಗರ, ಸೊರಬದ ದೀವರ ಸಮುದಾಯದ ಮನೆಗಳನ್ನು ನೆನೆಯಿರಿ. ಕೆಮ್ಮಣ್ಣು ಸಾರಿಸಿದ ಗೋಡೆ, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳಲ್ಲಿ ಹಸೆ ಚಿತ್ತಾರ. ಅದನ್ನು ಬರೆಯುತ್ತ ಬಂದವರು ಆ ಮನೆಗಳ ಹೆಂಗಸರು. ಕೆಂಪು ಗೋಡೆ ಶಿವಮೊಗ್ಗಕ್ಕೆ ಎಲ್ಲಿಂದಲೋ ತಂದ ಹೊಸ ಹುಚ್ಚಲ್ಲ. ಯಜಮಾನರಿಗೆ ಅದೂ ಸಾಲದಿದ್ದರೆ, ಬೆಂಗಳೂರಿಗೆ ಹೋದಾಗ ಅಠಾರಾ ಕಚೇರಿಯ ಮುಂದೆ ಒಂದಿಷ್ಟು ಹೊತ್ತು ನಿಲ್ಲಿಸಿ. 1868ರಲ್ಲಿ ಕಟ್ಟಿ ಮುಗಿಸಿದ, ಈಗ ಹೈಕೋರ್ಟ್ ಇರುವ ಆ ಕಟ್ಟಡ ಅಷ್ಟು ದೊಡ್ಡದಾಗಿದ್ದರೂ ಕಣ್ಣಿಗೆ ಹೊರೆಯಾಗುವುದಿಲ್ಲ. ಕಾರಣ, ಆ ಕೆಂಪಿನಲ್ಲಿ ಮಣ್ಣಿದೆ. ಕಂಬ, ಅಂಚುಗಳಿಗೆ ಬಿಳಿಯ ಜೊತೆಯಿದೆ. ಸುತ್ತ ಕಬ್ಬನ್ ಉದ್ಯಾನದ ಮರಗಳಿವೆ. ಮರಗಳಂತೂ ನಿಮಗೂ ಇವೆ. ಕಿಟಕಿಯ ಸುತ್ತ, ಅದರ ಮೇಲೆ ಚಾಚಿದ ಸಜ್ಜಾ ಅಂಚಿಗೆ ಸುಣ್ಣದಂಥ ಬಿಳಿ ಹಾಕಿಸಿ. ನೀಲಿ ಛಾಯೆಯ ಬಿಳಿ ಬೇಡ, ಮಣ್ಣುಗೆಂಪಿನ ಪಕ್ಕದಲ್ಲಿ ಅದು ತಣ್ಣಗೆ ಬಿಳಿಚಿಕೊಳ್ಳುತ್ತದೆ.

ಇಡೀ ಮನೆಗೆ ಕೆಂಪು ಬೇಡ ಎಂಬುದು ನನ್ನ ಇನ್ನೊಂದು ಸಲಹೆ, ಇಲ್ಲಿ ಯಜಮಾನರಿಗೂ ಒಂದು ಪಾಲು ಸಿಗುತ್ತದೆ. ಗಾಢ ಬಣ್ಣ ಬಿಸಿಲನ್ನು ಹೀರುತ್ತದೆ. ಪಶ್ಚಿಮದ ಗೋಡೆಗೆ ಕೆಂಪು ಹೊಡೆದರೆ ಏಪ್ರಿಲ್ ತಿಂಗಳ ರಾತ್ರಿ ಆ ಬದಿಯ ಕೋಣೆಯಲ್ಲಿ ಮಲಗುವವರಿಗೆ ಕಷ್ಟ. ಮಳೆ ಜೋರಾಗಿ ಹೊಡೆಯುವುದೂ ಅದೇ ದಿಕ್ಕಿನಿಂದ. ಮುಂಭಾಗಕ್ಕೆ, ಬೇಕಿದ್ದರೆ ಉತ್ತರದ ಗೋಡೆಗೆ ಕೆಂಪು ಇರಲಿ. ದಕ್ಷಿಣ, ಪಶ್ಚಿಮಗಳಿಗೆ ತಿಳಿ ಬಣ್ಣ ಇರಲಿ. ಅದು ತಿಳಿ ಬೂದು ಆಗಬೇಕೆಂದು ಅವರು ಕೇಳಿದರೆ ಒಪ್ಪಿಕೊಳ್ಳಿ, ಸ್ವಲ್ಪ ಕಂದು ಬೆರೆತ ಬೂದನ್ನು ಆರಿಸಿದರೆ ಎರಡೂ ಹೊಂದುತ್ತವೆ.

ಅತ್ತೆಯವರ ಕಣ್ಣೀರನ್ನು ಹಗುರವಾಗಿ ನೋಡಬೇಡಿ. ಅವರ ಭಯ ಜಗಳದ್ದು, ಜಗಳ ಈಗಾಗಲೇ ಶುರುವಾಗಿದೆಯಲ್ಲ! ಅವರ ಎದುರಿಗೆ ಶಾಸ್ತ್ರದ ವಾದ ಹೂಡಿ ಗೆಲ್ಲಲು ಹೋಗಬೇಡಿ, ಗೆದ್ದರೂ ಏನೂ ಸಿಗುವುದಿಲ್ಲ. ಬಣ್ಣದ ಚೀಟಿಯನ್ನಂತೂ ಮತ್ತೆ ತೋರಿಸಲೇಬೇಡಿ. ಅವರ ಚಿಕ್ಕಂದಿನ ಮನೆಯ ನೆಲ, ಗೋಡೆ ಹೇಗಿದ್ದವು ಎಂದು ಕೇಳಿ. ದೇವಸ್ಥಾನದ ಗೋಡೆಯ ಸುಣ್ಣ ಕೆಮ್ಮಣ್ಣಿನ ಪಟ್ಟೆಯನ್ನು ನೋಡುತ್ತ ಬೆಳೆದವರಿಗೆ ಆ ಕೆಂಪು ಉಗ್ರವಾಗಿ ಕಾಣುವುದಿಲ್ಲ, ಅವರನ್ನು ಹೆದರಿಸಿದ್ದು ನೀವು ತೋರಿಸಿದ ಕುಂಕುಮಗೆಂಪು ಎಂದೇ ನನಗೆ ಅನ್ನಿಸುತ್ತದೆ. ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟು ತೋರಣ ಕಟ್ಟುವ ಕೆಲಸ ಅವರ ಕೈಯಿಂದಲೇ ಆಗಲಿ.

ಬಣ್ಣ ಆರಿಸುವ ಕ್ರಮ ಹೀಗಿರಲಿ. ಕೆಮ್ಮಣ್ಣಿಗೆ ಹತ್ತಿರದ ಮೂರು ಛಾಯೆಗಳ ಸಣ್ಣ ಡಬ್ಬಿ ತನ್ನಿ. ಪ್ಲಾಸ್ಟರ್ ಪಕ್ವವಾಗಿ ಪ್ರೈಮರ್ ಆದ ಮೇಲೆ, ಮುಂಭಾಗದ ಗೋಡೆಯ ಮೇಲೆ ಮೂರಡಿ ಅಗಲ, ಮೂರಡಿ ಎತ್ತರಕ್ಕೆ ಎರಡೆರಡು ಕೋಟ್ ಹೊಡೆಸಿ. ಒಂದನ್ನು ಬಾಗಿಲಿನ ಪಕ್ಕದಲ್ಲೇ ಹೊಡೆಸಿ, ಹಲಸಿಗೆ ಯಾವುದು ಒಗ್ಗುತ್ತದೆಂದು ಅಲ್ಲೇ ಗೊತ್ತಾಗುತ್ತದೆ. ಬೆಳಿಗ್ಗೆ, ನಡುಮಧ್ಯಾಹ್ನ, ದೀಪ ಹಚ್ಚುವ ಹೊತ್ತಿಗೆ ನೀವು, ಯಜಮಾನರು, ಅತ್ತೆಯವರು ಮೂವರೂ ನೋಡಿ. ಒಂದು ಚೊಂಬು ನೀರು ಎರಚಿಯೂ ನೋಡಿ, ಮಳೆಗಾಲವಿಡೀ ನಿಮಗೆ ಕಾಣುವುದು ಆ ಒದ್ದೆ ಬಣ್ಣವೇ. ಎರಡರ ನಡುವೆ ಮನಸ್ಸು ತೂಗಾಡಿದರೆ ಕಂದಿಗೆ ಹತ್ತಿರವಿರುವುದನ್ನು ಹಿಡಿಯಿರಿ. ಗಾಢ ಛಾಯೆಗೆ ಬಿಳಿಗಿಂತ ಖರ್ಚು ಹೆಚ್ಚು, ಪೇಂಟರ್ ಹತ್ತಿರ ಮೊದಲೇ ಲೆಕ್ಕ ಹಾಕಿಸಿ. ಬೇಕಾದಷ್ಟನ್ನೂ ಒಂದೇ ಸಲ ಬೆರೆಸಿ ತರಿಸಿ, ಎಲ್ಲ ಡಬ್ಬಿಗಳನ್ನು ಒಟ್ಟಿಗೆ ಕಲಸಿಕೊಳ್ಳಲು ಹೇಳಿ. ಡಬ್ಬಿಯಿಂದ ಡಬ್ಬಿಗೆ ಬರುವ ಸಣ್ಣ ವ್ಯತ್ಯಾಸ ಕೆಂಪಿನಲ್ಲಿ ಎದ್ದು ಕಾಣುತ್ತದೆ.

ಇಷ್ಟಾದರೂ ಯಜಮಾನರು ಒಪ್ಪದಿದ್ದರೆ ಪ್ರೈಮರ್ ಹೊಡೆದ ಬಿಳಿ ಗೋಡೆಯಲ್ಲೇ ಗೃಹಪ್ರವೇಶ ಮಾಡಿ. ಮಳೆಗಾಲ ಬರಲು ಇನ್ನೂ ತಿಂಗಳುಗಳಿವೆ, ಅಷ್ಟರೊಳಗೆ ಮುಗಿದರೆ ಸಾಕು. ಬಂದ ನೆಂಟರು ಯಾಕೆ ಬಣ್ಣ ಹೊಡೆಸಿಲ್ಲವೆಂದು ಕೇಳಿದರೆ ಪ್ಲಾಸ್ಟರ್ ಒಣಗುತ್ತಿದೆ ಎನ್ನಿ, ಅದು ಸುಳ್ಳೂ ಅಲ್ಲ. ಒಪ್ಪಿಗೆಯಿಲ್ಲದ ಬೂದು ಬಣ್ಣಕ್ಕೆ ಮಾತ್ರ ಅವಸರದಲ್ಲಿ ತಲೆಯಾಡಿಸಬೇಡಿ. ಬಾಗಿಲಿನ ಪಾಲಿಶ್ ಕೆಲಸವನ್ನು ಈ ವಾರವೇ ಬಡಗಿಗೆ ವಹಿಸಿ, ಅದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ.