ಉಬ್ಬರದ ವೇಳೆ ನೋಡಿಕೊಂಡು ಹೊರಡಿ

ಪ್ರಶ್ನೆ: ನವೆಂಬರಿನಲ್ಲಿ ಸಿಂಗಪುರದಲ್ಲಿರುವ ಮಗಳ ಮನೆಗೆ ಹೋಗಲಿದ್ದೇವೆ. ಅಲ್ಲಿಯ ಸುಂಗೈ ಬುಲೋ ಜೌಗು ಪ್ರದೇಶವನ್ನು ನೋಡುವ ಆಸೆ ನನಗಿದೆ. ಆದರೆ ಅದು ಹಿಂದೆ ಸಿಗಡಿ ಸಾಕುತ್ತಿದ್ದ ಹೊಂಡಗಳ ಜಾಗವೆಂದೂ, ತಮಗೆ ಕೆಸರಿನ ಹೊರತು ಹೆಚ್ಚೇನೂ ಕಾಣಲಿಲ್ಲವೆಂದೂ ಪರಿಚಿತರೊಬ್ಬರು ಹೇಳಿದರು. ಮನುಷ್ಯ ತೋಡಿದ ಹೊಂಡಗಳನ್ನು ನಿಸರ್ಗಧಾಮವೆಂದು ಕರೆಯುವುದು ಸರಿಯೆ? ಹೋಗುವುದಾದರೆ ಯಾವ ಹೊತ್ತು ಒಳ್ಳೆಯದು?

ಉತ್ತರ: ಖಂಡಿತ ಹೋಗಿ. ನಿಮ್ಮ ಪರಿಚಿತರು ಹೇಳಿದ್ದರಲ್ಲಿ ಸುಳ್ಳಿಲ್ಲ. ಬಹುಶಃ ಅವರು ಹೋದ ಹೊತ್ತು ಸರಿಯಿರಲಿಲ್ಲ.

ಸಿಗಡಿ ಹೊಂಡಗಳ ಕಾಲದಲ್ಲಿ ಅಲ್ಲಿಯ ಜನ ಉಬ್ಬರದ ಸಮಯಕ್ಕೆ ತೂಬು ತೆರೆದು ಸಮುದ್ರದ ನೀರಿನೊಂದಿಗೆ ಸಿಗಡಿ ಮರಿಗಳನ್ನೂ ಒಳಗೆ ಬಿಟ್ಟುಕೊಳ್ಳುತ್ತಿದ್ದರು. ಅವು ಬೆಳೆದ ಮೇಲೆ ಇಳಿತದಲ್ಲಿ ನೀರು ಹೊರಗೆ ಹರಿಯುವಾಗ ತೂಬಿನ ಬಾಯಿಗೆ ಬಲೆಯೊಡ್ಡಿ ಹಿಡಿಯುತ್ತಿದ್ದರು. ಸಾಕಣೆ ನಿಂತ ನಂತರ ಪಾಳುಬಿದ್ದ ಈ ಹೊಂಡಗಳಲ್ಲಿ ವಲಸೆ ಹಕ್ಕಿಗಳು ದೊಡ್ಡ ಸಂಖ್ಯೆಯಲ್ಲಿ ಇಳಿಯುತ್ತಿರುವುದನ್ನು 1986ರಲ್ಲಿ ಪಕ್ಷಿವೀಕ್ಷಕರು ಗಮನಿಸಿ, ಜಾಗವನ್ನು ಉಳಿಸಬೇಕೆಂದು ಸರ್ಕಾರವನ್ನು ಕೇಳಿಕೊಂಡರು. ಬೇಸಾಯಾಧಾರಿತ ಉದ್ಯಮಕ್ಕೆ ಯೋಚಿಸಲಾಗಿದ್ದ ಆ ಜಾಗದಲ್ಲಿ 87 ಹೆಕ್ಟೇರುಗಳನ್ನು 1989ರಲ್ಲಿ ನಿಸರ್ಗ ಉದ್ಯಾನಕ್ಕೆಂದು ಮೀಸಲಿಡಲಾಯಿತು. 1993ರ ಡಿಸೆಂಬರಿನಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. 2002ರಲ್ಲಿ 130 ಹೆಕ್ಟೇರಿಗೆ ವಿಸ್ತರಿಸಿ ಕಾನೂನಿನ ರಕ್ಷಣೆಯುಳ್ಳ ಸಂರಕ್ಷಿತ ಪ್ರದೇಶವಾಯಿತು.

ಮನುಷ್ಯ ತೋಡಿದ ಹೊಂಡವೆಂಬ ನಿಮ್ಮ ಸಂದೇಹಕ್ಕೆ ಉತ್ತರವೂ ಆ ತೂಬುಗಳಲ್ಲಿಯೇ ಇದೆ. ಕರಾವಳಿಯ ಜೌಗನ್ನು ಮರಳಿ ಕಟ್ಟುವುದೆಂದರೆ ಸಸಿ ನೆಡುವುದಷ್ಟೇ ಎಂದು ಅನೇಕರು ತಿಳಿದಿದ್ದಾರೆ; ನನ್ನ ಮಟ್ಟಿಗೆ ನೀರಿನ ಏರಿಳಿತವನ್ನು ಸರಿಪಡಿಸುವುದೇ ಅದರಲ್ಲಿ ಮುಖ್ಯ ಕೆಲಸ. ಸುಂಗೈ ಬುಲೋದಲ್ಲಿ ತೂಬುಗಳ ಮೂಲಕ ಕೆಲವು ಹೊಂಡಗಳ ನೀರಿನ ಮಟ್ಟವನ್ನು ತಗ್ಗಿಸಿಡುತ್ತಾರೆ. ಹೊರಗೆ ಸಮುದ್ರ ಉಕ್ಕಿ ಕೆಸರು ಬಯಲುಗಳೆಲ್ಲ ಮುಳುಗಿದಾಗಲೂ ಇಲ್ಲಿ ಹಕ್ಕಿಗಳಿಗೆ ಕಾಲೂರಲು ತೆಳುನೀರು, ಒದ್ದೆ ಮಣ್ಣು ಉಳಿದಿರುತ್ತದೆ. ಸಿಗಡಿ ಹಿಡಿಯಲು ಮಾಡಿದ ವ್ಯವಸ್ಥೆಯೇ ಈಗ ಹಕ್ಕಿಗಳ ವಿಶ್ರಾಂತಿಗೆ ಒದಗಿದೆ. ಇಂಥ ಜಾಗವನ್ನು ನಿಸರ್ಗಧಾಮವೆನ್ನಲು ನನಗೆ ಸ್ವಲ್ಪವೂ ಹಿಂಜರಿಕೆಯಿಲ್ಲ.

ನೀವು ಹೋಗಬೇಕಾದ ಹೊತ್ತನ್ನು ನಿರ್ಧರಿಸುವುದೂ ಇದೇ ಸಂಗತಿ. ಇಳಿತದಲ್ಲಿ ಹಕ್ಕಿಗಳು ಪೂರ್ವಕ್ಕಿರುವ ಮಂಡಾಯ್ ಕೆಸರು ಬಯಲಿನಂಥ ಕಡೆಗಳಲ್ಲಿ ಹುಳು, ಏಡಿ, ಚಿಪ್ಪುಜೀವಿಗಳನ್ನು ಹುಡುಕುತ್ತ ಚದುರಿರುತ್ತವೆ. ಉಬ್ಬರ ಏರಿದಂತೆ ಅಲ್ಲಿಂದೆದ್ದು ಈ ಹೊಂಡಗಳಿಗೆ ಬಂದು ಗುಂಪುಗೂಡುತ್ತವೆ. ಆದ್ದರಿಂದ ಉಬ್ಬರ ತುಂಬುವ ಸಮಯಕ್ಕೆ ಒಂದೆರಡು ಗಂಟೆ ಮೊದಲೇ ಹಕ್ಕಿಗಳಿಗೆ ಕಾಣದಂತೆ ಕುಳಿತು ನೋಡಲು ಕಟ್ಟಿದ ಮರೆಗಳಲ್ಲಿ ಹೋಗಿ ಕುಳಿತರೆ ಅವು ಬಂದಿಳಿಯುವುದನ್ನು ಕಾಣಬಹುದು. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷಗಳ ಅಂತರವಿರುವುದರಿಂದ ದಿನದಿಂದ ದಿನಕ್ಕೆ ಈ ಹೊತ್ತು ಹೆಚ್ಚುಕಡಿಮೆ 50 ನಿಮಿಷ ಮುಂದೆ ಸರಿಯುತ್ತದೆ. ಮೊದಲು ವೇಳಾಪಟ್ಟಿ ನೋಡಿ, ನಂತರ ದಿನವನ್ನು ಗೊತ್ತುಮಾಡಿ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರುವುದರಿಂದ ಹಕ್ಕಿಗಳು ಒತ್ತೊತ್ತಾಗಿ ಸೇರುವ ಸಂಭವವೂ ಹೆಚ್ಚು. ಸೆಪ್ಟೆಂಬರಿನಿಂದ ಮಾರ್ಚ್‌ವರೆಗೆ ವಲಸೆಯ ಕಾಲವಾದ್ದರಿಂದ ನವೆಂಬರ್ ಒಳ್ಳೆಯ ತಿಂಗಳು. ಉತ್ತರ ಏಷ್ಯಾದಲ್ಲಿ ಮರಿಮಾಡಿ ಬರುವ ಈ ಹಕ್ಕಿಗಳಲ್ಲಿ ಕೆಲವು ಇನ್ನೂ ದಕ್ಷಿಣಕ್ಕೆ, ಆಸ್ಟ್ರೇಲಿಯಾದವರೆಗೂ ಹೋಗುತ್ತವೆ. ದಣಿದು ಕುಳಿತವನ್ನು ಚಿತ್ರಕ್ಕಾಗಿ ಎಬ್ಬಿಸಬೇಡಿ ಎಂಬುದು ನನ್ನ ಕಳಕಳಿಯ ಕೋರಿಕೆ.

ಪ್ರಶ್ನೆ: ಸುಂಗೈ ಬುಲೋದಲ್ಲಿ ಮೊಸಳೆಗಳಿವೆಯಂತೆ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಬಹುದೆ?

ಉತ್ತರ: ಉಪ್ಪುನೀರಿನ ಮೊಸಳೆಗಳು ಇರುವುದು ನಿಜ, ಎಚ್ಚರಿಕೆಯ ಫಲಕಗಳೂ ಇವೆ. ನಿಗದಿಯಾದ ದಾರಿ ಬಿಟ್ಟು ನೀರಿನಂಚಿಗೆ ಇಳಿಯದಿದ್ದರೆ ಮಕ್ಕಳನ್ನು ಧಾರಾಳವಾಗಿ ಕರೆದೊಯ್ಯಬಹುದು. ಕೋತಿಗಳೂ ಇರುವುದರಿಂದ ತಿಂಡಿಯನ್ನು ಕೈಯಲ್ಲಿ ಹಿಡಿಯದೆ ಚೀಲದೊಳಗಿಡಿ.

ಮಕ್ಕಳಿಗೆ ದೂರದ ಹಕ್ಕಿಗಳಿಗಿಂತ ಹತ್ತಿರದ ಕೆಸರೇ ಹೆಚ್ಚು ಹಿಡಿಸೀತು. ಅವರಿಗಾಗಿ ಇಳಿತದ ಹೊತ್ತನ್ನೇ ಆರಿಸಿಕೊಳ್ಳಿ. ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಮರಗಳ ನಡುವಿನ ಹಲಗೆದಾರಿಯಲ್ಲಿ ಕೆಲವು ನಿಮಿಷ ಅಲುಗಾಡದೆ ನಿಂತರೆ, ಅಡಗಿದ್ದ ಏಡಿಗಳು ಒಂದೊಂದಾಗಿ ಬಿಲದಿಂದ ಹೊರಬರುತ್ತವೆ. ನೆತ್ತಿಯ ಮೇಲೆ ಕಣ್ಣುಗಳಿರುವ ಕೆಸರುಮೀನು ಎದೆಯ ರೆಕ್ಕೆಗಳನ್ನು ಊರಿ ಮಣ್ಣಿನ ಮೇಲೆ ತೆವಳುತ್ತದೆ. ಒದ್ದೆಯಾದ ಚರ್ಮದ ಮೂಲಕವೂ ಅದು ಉಸಿರಾಡಬಲ್ಲದು. ಕೆಸರಿನಿಂದ ಮೇಲಕ್ಕೆ ಚುಚ್ಚಿಕೊಂಡು ನಿಂತ ಕಡ್ಡಿಗಳಂಥವು ಉಪ್ಪಟಿ ಮರದ ಉಸಿರಾಟದ ಬೇರುಗಳು. ನೀರು ನಿಂತ ಮಣ್ಣಿನಲ್ಲಿ ಗಾಳಿಯಿಲ್ಲದ್ದರಿಂದ ಬೇರು ಹೀಗೆ ಮೇಲೆ ಬರುತ್ತದೆಂದು ತೋರಿಸಿ ಹೇಳಿದರೆ ಚಿಕ್ಕವರಿಗೂ ಅರ್ಥವಾಗುತ್ತದೆ.