ಮಧ್ಯಾಹ್ನದ ಹೊತ್ತಿಗೆ ತಾಳ್ಮೆ ಮುಗಿದುಹೋಗುವ ಟೀಚರಿಗೆ ಧ್ಯಾನದಿಂದ ಉಪಯೋಗವಿದೆಯೇ?

‘ಕಣ್ಣು ಮುಚ್ಚಿದರೆ ತಿದ್ದದೆ ಉಳಿದ ಉತ್ತರಪತ್ರಿಕೆಗಳೇ ಕಾಣುತ್ತವೆ, ನನಗಿದು ಆಗಿಬರಲ್ಲವೇನೋ’ ಎಂದು ಕೇಳಿದ್ದೀರಿ. ಕಾಣಲಿ ಬಿಡಿ, ಮೇಡಂ. ಗಮನ ಅತ್ತ ಹೋಯಿತೆಂದು ತಿಳಿದು ಮತ್ತೆ ಉಸಿರಿಗೆ ಮರಳಿದಿರಲ್ಲ, ಅದೇ ಅಭ್ಯಾಸ. ಮನಸ್ಸು ಖಾಲಿಯಾಗಬೇಕು ಅನ್ನುವ ಮಾತು ಸುಮ್ಮನೆ ಹೆದರಿಸುತ್ತದೆ.

ನಾನೂ ಗಣಿತದ ಮೇಷ್ಟ್ರು. ಬೆಳಗ್ಗೆ ಕೂರುವುದಕ್ಕಿಂತ ತರಗತಿಯಲ್ಲಿ ಕಣ್ಣು ತೆರೆದೇ ಮಾಡುವುದು ನನಗೆ ಹೆಚ್ಚು ಕೆಲಸಕ್ಕೆ ಬಂದಿದೆ. ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಿರುತ್ತೇನೆ, ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗು. ತಿರುಗುವ ಮೊದಲೇ ದವಡೆ ಬಿಗಿದಿರುತ್ತದೆ, ಭುಜ ಮೇಲೇರಿರುತ್ತದೆ, ಸೀಮೆಸುಣ್ಣ ಮುರಿಯುವಷ್ಟು ಒತ್ತಿ ಬರೆಯುತ್ತಿರುತ್ತೇನೆ. ಸಿಟ್ಟು ಬಾಯಿಗೆ ಬರುವ ಮುಂಚೆ ಮೈಗೆ ಬಂದಿರುತ್ತದೆ. ಅದು ಗೊತ್ತಾದ ಕೂಡಲೇ ಬರೆಯುತ್ತಿರುವ ಸಾಲನ್ನು ಮುಗಿಸುತ್ತಾ ಒಂದು ಉಸಿರನ್ನು ನಿಧಾನವಾಗಿ ಹೊರಬಿಡಿ. ಉಸಿರು ಹೊರಹೋಗುವಾಗ ಮೆದುಳಿನಿಂದ ಹೃದಯಕ್ಕೆ ಹೋಗುವ ವೇಗಸ್ ನರದ ಮೂಲಕ ಎದೆಬಡಿತ ತುಸು ಇಳಿಯುತ್ತದೆ. ನಂಬಿಕೆ ಇರಲಿ ಬಿಡಲಿ, ಇಳಿಯುತ್ತದೆ. ಆಮೇಲೆ ತಿರುಗಿ. ಗದರಬೇಕೆನಿಸಿದರೆ ಗದರಿ, ಆದರೆ ಹಿಂದಿನ ಪೀರಿಯಡ್ಡಿನ ಕೋಪವನ್ನು ಈ ಹುಡುಗನ ಮೇಲೆ ತೀರಿಸಿದಂತಾಗುವುದಿಲ್ಲ.

ಬೆಳಗ್ಗೆ ಹತ್ತು ನಿಮಿಷ ಕೂರುವುದು ಇದಕ್ಕೆ ತಾಲೀಮು. ಕೂರಲು ಆಗದಿದ್ದರೆ ಒಂದು ತರಗತಿಯಿಂದ ಇನ್ನೊಂದಕ್ಕೆ ಹೋಗುವಾಗ ಪಾದ ನೆಲ ಮುಟ್ಟುವುದನ್ನು ಗಮನಿಸಿದರೂ ನಡೆಯುತ್ತದೆ.

ಇದಕ್ಕೆ ಆಧಾರವೂ ಇದೆ. ನ್ಯೂಯಾರ್ಕ್ ನಗರದ 36 ಶಾಲೆಗಳ 224 ಶಿಕ್ಷಕರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ಧ್ಯಾನದ ತರಬೇತಿ ಪಡೆದವರ ಮಾನಸಿಕ ಸಂಕಟ ಕಡಿಮೆಯಾಗಿತ್ತು. ಬ್ರಿಟನ್ನಿನ ‘ಮಿರಿಯಡ್’ ಅಧ್ಯಯನದ್ದು ಇನ್ನೂ ಸ್ವಾರಸ್ಯ. 2022ರಲ್ಲಿ ಬಂದ ಅದರ ಫಲಿತಾಂಶದಂತೆ, ಶಾಲೆಯಲ್ಲಿ ಧ್ಯಾನ ಕಲಿಸಿದ್ದರಿಂದ ಮಕ್ಕಳಿಗೆ ಹೇಳಿಕೊಳ್ಳುವಂಥ ಲಾಭ ಆಗಲಿಲ್ಲ. ಕಲಿಸಿದ ಟೀಚರುಗಳ ಬಳಲಿಕೆ ಮಾತ್ರ ಇಳಿಯಿತು! ಆ ಲಾಭವೂ ವರ್ಷ ಕಳೆಯುವಷ್ಟರಲ್ಲಿ ಬಹುಪಾಲು ಮಾಸಿತ್ತು.

ಒಂದು ಮಾತು ಖಡಾಖಂಡಿತ ಹೇಳುತ್ತೇನೆ: ತರಗತಿಯಲ್ಲಿ ಮಕ್ಕಳು ಕಿಕ್ಕಿರಿದಿದ್ದರೆ, ಪಾಠದ ಮೇಲೆ ದಾಖಲೆ ತುಂಬುವ ಕೆಲಸವೂ ಬಿದ್ದಿದ್ದರೆ, ಉಸಿರು ಎಣಿಸಿ ಅದು ಕರಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಬರ್ನ್‌ಔಟನ್ನು, ಅಂದರೆ ಕೆಲಸದ ಒತ್ತಡದಿಂದ ಬಸವಳಿಯುವುದನ್ನು, ಕಾಯಿಲೆ ಎಂದಿಲ್ಲ, ಕೆಲಸದ ಜಾಗಕ್ಕೆ ಸಂಬಂಧಿಸಿದ್ದು ಎಂದಿದೆ. ಆಡಳಿತದವರು ಧ್ಯಾನದ ಕಾರ್ಯಾಗಾರ ಇಡುತ್ತೇವೆ ಅಂದರೆ, ಅದನ್ನು ಶಾಲೆಯ ವೇಳೆಯಲ್ಲೇ ಇಡಿ, ಆ ದಿನದ ಒಂದು ಪೀರಿಯಡ್ ಬಿಡಿಸಿಕೊಡಿ ಎಂದು ಕೇಳಿ. ಕೂತಾಗಲೆಲ್ಲ ಎದೆ ಢವಗುಟ್ಟುವುದೋ ಹಳೆಯ ನೋವು ಉಕ್ಕಿಬರುವುದೋ ಆದರೆ ಹಟ ಮಾಡದೆ ನಿಲ್ಲಿಸಿ, ಆಪ್ತಸಮಾಲೋಚಕರನ್ನು ಕಾಣಿ.